ನರ್ಸಿಂಗ್ ಜರ್ನಲ್‌ನ ಗುಣ, ಪ್ರಭಾವ ಅಳೆಯುವ ಬಗೆ

ಕಾಸರಗೋಡು ಜಿಲ್ಲೆಯ ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ ಪಂಚಾಯತುಗಳಲ್ಲಿ ಎಂಡೋಸಲ್ಫಾನ್ ಕೀಟನಾಶಕದಿಂದ ಪೀಡಿತರಾದ ಮಕ್ಕಳನ್ನು ವರ್ಷಗಟ್ಟಲೆ ನೋಡಿಕೊಳ್ಳುತ್ತಿರುವ ತಾಯಂದಿರ ದಣಿವಿನ ಬಗ್ಗೆ ಒಬ್ಬ ಎಂಎಸ್ಸಿ ನರ್ಸಿಂಗ್ ವಿದ್ಯಾರ್ಥಿನಿ ಅಧ್ಯಯನ ಮುಗಿಸಿದ್ದಾಳೆ ಎಂದಿಟ್ಟುಕೊಳ್ಳಿ. ಲೇಖನ ಸಿದ್ಧವಾಗಿದೆ. ಎಲ್ಲಿಗೆ ಕಳಿಸುವುದು? ಇಮೇಲಿಗೆ ಬರುವ ಆಹ್ವಾನಗಳಿಗೆ ಬರವಿಲ್ಲ, ಒಂದೊಂದರಲ್ಲೂ ಒಂದೊಂದು 'ಇಂಪ್ಯಾಕ್ಟ್ ಫ್ಯಾಕ್ಟರ್', ಅಂದರೆ ಜರ್ನಲ್‌ನ ಲೇಖನಗಳನ್ನು ಬೇರೆ ಲೇಖನಗಳು ಸರಾಸರಿ ಎಷ್ಟು ಸಲ ಉಲ್ಲೇಖಿಸಿವೆ ಎಂಬ ಅಂಕಿ. ಆ ತಾಯಂದಿರು ಮನೆಗೆಲಸ ಬಿಟ್ಟು ಕೂತು ಮಾತಾಡಿದ್ದಾರೆ. ಆ ಮಾತು ಮುಂದೆ ಯಾವ ನರ್ಸೂ ಹುಡುಕಿದರೆ ಸಿಗದ ಜಾಗದಲ್ಲಿ ಹೂತುಹೋಗಬಾರದು. ಹಾಗಾಗಿ ಜರ್ನಲ್ ಆರಿಸುವುದಕ್ಕೆ ಒಂದು ಸಂಜೆಯನ್ನಾದರೂ ಮೀಸಲಿಡಿ. ಕೆಳಗೆ ಹೇಳಿದ್ದರಲ್ಲಿ ಹೆಚ್ಚಿನದಕ್ಕೆ ಕಾಲೇಜಿನ ಚಂದಾ ಬೇಡ, ಮನೆಯಲ್ಲೇ ಕೂತು ನೋಡಬಹುದು.

ಮೊದಲು ಗುರುತು

ಜರ್ನಲ್ ಅಸಲಿಯೇ ಎಂದು ಗೊತ್ತಾಗುವ ಮೊದಲು ಅದರ ಅಂಕಿ ನೋಡಿ ಪ್ರಯೋಜನವಿಲ್ಲ. ಪ್ರತಿ ಜರ್ನಲ್‌ಗೂ ಕೊಡುವ ಎಂಟಂಕಿಯ ಗುರುತು, ಐಎಸ್‌ಎಸ್‌ಎನ್ ಸಂಖ್ಯೆಯಿಂದ ಶುರುಮಾಡಿ. ಬಸ್ಸಿಗೆ ನಂಬರ್ ಪ್ಲೇಟ್ ಇದ್ದ ಹಾಗೆ ಇದು. ನಂಬರ್ ಇದ್ದ ಮಾತ್ರಕ್ಕೆ ಬಸ್ಸಿನ ಬ್ರೇಕ್ ಸರಿಯಿದೆ ಎಂದೇನೂ ಅಲ್ಲ. ಆದರೆ ನಂಬರೇ ಸುಳ್ಳಾದರೆ ಅಲ್ಲಿಗೇ ನಿಲ್ಲಿಸಬಹುದು.

ಕಾಗದ, ಪೆನ್ನು ಸಾಕು. ಮೊದಲ ಏಳು ಅಂಕಿಗಳನ್ನು ಎಡದಿಂದ ಕ್ರಮವಾಗಿ 8, 7, 6, 5, 4, 3, 2ರಿಂದ ಗುಣಿಸಿ ಕೂಡಿಸಿ. ಮೊತ್ತವನ್ನು 11ರಿಂದ ಭಾಗಿಸಿ, ಶೇಷವನ್ನು 11ರಿಂದ ಕಳೆಯಿರಿ. ಬಂದದ್ದು ಎಂಟನೆಯ ಅಂಕಿಯಾಗಿರಬೇಕು. 10 ಬಂದರೆ ಅಲ್ಲಿ ಎಕ್ಸ್ ಇರುತ್ತದೆ, ಶೇಷ ಸೊನ್ನೆಯಾದರೆ ಸೊನ್ನೆ. 'ಇಂಟರ್‌ನ್ಯಾಷನಲ್ ಜರ್ನಲ್ ಆಫ್ ನರ್ಸಿಂಗ್ ಸ್ಟಡೀಸ್' ಸಂಖ್ಯೆ 0020-7489. ಸೊನ್ನೆಗಳನ್ನು ಬಿಟ್ಟರೆ 12, 28, 12, 16 ಸಿಗುತ್ತವೆ, ಒಟ್ಟು 68. ಶೇಷ 2. ಹನ್ನೊಂದರಲ್ಲಿ ಎರಡು ಕಳೆದರೆ 9. ಸರಿಹೊಂದಿತು.

ಲೆಕ್ಕ ಸರಿಬಂದ ಮೇಲೆ ಐಎಸ್‌ಎಸ್‌ಎನ್ ಪೋರ್ಟಲಿನಲ್ಲಿ ಅದೇ ಸಂಖ್ಯೆ ಹಾಕಿ. ಹೆಸರು, ಪ್ರಕಾಶಕರು, ದೇಶ ಮೂರೂ ತಾಳೆಯಾಗಬೇಕು. ಇಲ್ಲೇ ಒಂದು ದೊಡ್ಡ ಮೋಸ ಅಡಗಿದೆ. ಹಳೆಯ, ಒಳ್ಳೆಯ ಜರ್ನಲ್‌ನ ಹೆಸರನ್ನೂ ಸಂಖ್ಯೆಯನ್ನೂ ಕದ್ದು ಬೇರೆ ವೆಬ್‌ಸೈಟ್ ಮಾಡಿ ಹಣ ವಸೂಲು ಮಾಡುವವರಿದ್ದಾರೆ. ಅಸಲಿ ಜರ್ನಲ್ ಸ್ಕೋಪಸ್ ಎಂಬ ಸಂಶೋಧನಾ ಸೂಚಿಯಲ್ಲಿ ಇರುವುದರಿಂದ ಹುಡುಕಿದವರಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ, ತಪ್ಪಿರುವುದು ವಿಳಾಸ ಮಾತ್ರ. ಆದ್ದರಿಂದ ಇಮೇಲಿನಲ್ಲಿ ಬಂದ ಲಿಂಕ್ ಒತ್ತಿ ಜರ್ನಲ್‌ಗೆ ಹೋಗಬೇಡಿ. ಪ್ರಕಾಶಕರ ಮುಖ್ಯ ತಾಣದಿಂದ ಒಳಗೆ ಹೋಗಿ. ಹೀಗೆ ಕದ್ದ ಜರ್ನಲ್‌ಗಳ ಪಟ್ಟಿಯನ್ನು ಸಂಶೋಧನಾ ಲೋಕದ ತಪ್ಪುಗಳ ಮೇಲೆ ಕಣ್ಣಿಡುವ ತಾಣ ರಿಟ್ರಾಕ್ಷನ್ ವಾಚ್ ಇಟ್ಟಿದೆ, ಅದರಲ್ಲೂ ಒಮ್ಮೆ ಹುಡುಕಿ.

ಸಂಪಾದಕ ಮಂಡಳಿಯ ಮೂರು ಹೆಸರು ಆರಿಸಿ, ಅವರ ವಿಶ್ವವಿದ್ಯಾಲಯದ ಪುಟದಲ್ಲಿ ಈ ಜರ್ನಲ್‌ನ ಉಲ್ಲೇಖ ಇದೆಯೇ ನೋಡಿ. ಒಬ್ಬರಿಗೆ ಇಮೇಲ್ ಮಾಡಿ ಕೇಳಿದರೂ ತಪ್ಪಿಲ್ಲ. ಹೆಸರನ್ನು ಕೇಳದೆಯೇ ಹಾಕಿಕೊಂಡ ಪ್ರಸಂಗಗಳು ಸಾಕಷ್ಟಿವೆ.

'ಯುಜಿಸಿ ಅಪ್ರೂವ್ಡ್' ಎಂಬ ಫಲಕ ಕಂಡರೆ ಇನ್ನಷ್ಟು ಎಚ್ಚರ ಬೇಕು. ತಾನು ಒಪ್ಪಿದ ಜರ್ನಲ್‌ಗಳ ಯುಜಿಸಿ-ಕೇರ್ ಪಟ್ಟಿಯನ್ನು ಯುಜಿಸಿ 2025ರ ಫೆಬ್ರವರಿಯಲ್ಲಿ ಕೈಬಿಟ್ಟಿತು. ಈಗ ಅದು ಕೊಟ್ಟಿರುವುದು ಜರ್ನಲ್ ಆರಿಸಲು ಗಮನಿಸಬೇಕಾದ ಅಂಶಗಳನ್ನು ಮಾತ್ರ, ತೀರ್ಮಾನ ಸಂಸ್ಥೆಯದ್ದೂ ಲೇಖಕರದ್ದೂ. ಹಾಗಾಗಿ ಆ ಫಲಕ ಇಟ್ಟುಕೊಂಡಿರುವ ಜರ್ನಲ್ ಒಂದೋ ತನ್ನ ಪುಟವನ್ನು ಹೊಸದು ಮಾಡಿಲ್ಲ, ಇಲ್ಲವೇ ನಿಮ್ಮ ಅರಿವಿಲ್ಲದಿರುವಿಕೆಯನ್ನು ನಂಬಿ ಕೂತಿದೆ.

ನರ್ಸ್ ಹುಡುಕುವ ಕಡೆ ಇದೆಯೇ

ನರ್ಸಿಂಗ್ ಮಟ್ಟಿಗೆ ಇಂಪ್ಯಾಕ್ಟ್ ಫ್ಯಾಕ್ಟರಿಗಿಂತ ಮುಖ್ಯ ಪ್ರಶ್ನೆ ಇದು. ಕಣ್ಣೂರಿನಲ್ಲೋ ದೇರಳಕಟ್ಟೆಯಲ್ಲೋ ಇನ್ನೊಬ್ಬ ವಿದ್ಯಾರ್ಥಿ ಅದೇ ವಿಷಯ ಹುಡುಕಿದಾಗ ನಿಮ್ಮ ಲೇಖನ ಬರಬೇಕು. ಅವರು ಹುಡುಕುವುದು ಮುಖ್ಯವಾಗಿ ಸಿನಾಲ್, ಮೆಡ್‌ಲೈನ್, ಸ್ಕೋಪಸ್, ವೆಬ್ ಆಫ್ ಸೈನ್ಸ್ ಎಂಬ ಸೂಚಿಗಳಲ್ಲಿ, ಅಂದರೆ ಆಯ್ದ ಜರ್ನಲ್‌ಗಳ ಲೇಖನಗಳನ್ನು ಪಟ್ಟಿಮಾಡಿಡುವ ಕಡೆ.

ಸಿನಾಲ್ ನರ್ಸಿಂಗಿಗಾಗಿಯೇ ಹುಟ್ಟಿದ ಸೂಚಿ. ಇಂದು ಎಬ್ಸ್ಕೋ ನಡೆಸುತ್ತದೆ, ಸೇರಿಸಿಕೊಂಡ ಜರ್ನಲ್‌ಗಳ ಪಟ್ಟಿ ಅದರ ತಾಣದಲ್ಲಿ ಉಚಿತ. ಪಟ್ಟಿಯಲ್ಲಿ ಹೆಸರು ಸಿಕ್ಕಿತೆಂದು ಮುಚ್ಚಿಬಿಡಬೇಡಿ. ಸೂಚಿ ಯಾವ ವರ್ಷದಿಂದ ಯಾವ ವರ್ಷದವರೆಗೆ ಎಂಬ ಅಂಕಣ ನೋಡಿ, ಕೊನೆಯ ವರ್ಷ ತುಂಬಿದ್ದರೆ ಈಗ ಸೇರಿಸಿಕೊಳ್ಳುತ್ತಿಲ್ಲ ಎಂದರ್ಥ.

ಪಬ್‌ಮೆಡ್ ವಿಷಯದಲ್ಲಿ ಗೈಡ್‌ಗಳೂ ಎಡವುತ್ತಾರೆ. ಪಬ್‌ಮೆಡ್ ಒಂದು ಹುಡುಕು ಪುಟ, ಅದರೊಳಗೆ ಮೆಡ್‌ಲೈನ್ ಇದೆ, ಪಿಎಂಸಿ ಎಂಬ ಪೂರ್ಣಪಾಠದ ಭಂಡಾರವೂ ಇದೆ. ಮೆಡ್‌ಲೈನ್‌ಗೆ ಜರ್ನಲ್ ಸೇರಬೇಕಾದರೆ ತಜ್ಞರ ಸಮಿತಿ ಪರಿಶೀಲಿಸುತ್ತದೆ. ಪಿಎಂಸಿಗೋ, ಅಮೆರಿಕದ ಸರಕಾರಿ ಅನುದಾನ ಪಡೆದ ಒಬ್ಬ ಲೇಖಕ ತನ್ನೊಂದು ಲೇಖನ ಜಮಾ ಮಾಡಿದರೂ ಅದು ಪಬ್‌ಮೆಡ್‌ನಲ್ಲಿ ಕಾಣುತ್ತದೆ. ಆ ಒಂದು ಲೇಖನ ತೋರಿಸಿ 'ಪಬ್‌ಮೆಡ್ ಇಂಡೆಕ್ಸ್ಡ್' ಎಂದು ಹೇಳಿಕೊಳ್ಳುವ ಜರ್ನಲ್‌ಗಳಿವೆ. ಪರೀಕ್ಷೆ ಸುಲಭ. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ ಎನ್‌ಎಲ್‌ಎಂ ಕ್ಯಾಟಲಾಗ್ ತೆರೆದು ಜರ್ನಲ್ ಹೆಸರು ಹಾಕಿ, ಸದ್ಯದ ಸೂಚೀಕರಣ ಸ್ಥಿತಿ ಎಂಬ ಸಾಲಿನಲ್ಲಿ ಮೆಡ್‌ಲೈನ್ ಎಂದು ಸ್ಪಷ್ಟವಾಗಿ ಬರೆದಿದೆಯೇ ಓದಿ.

ಸ್ಕೋಪಸ್‌ನ ಜರ್ನಲ್ ಪಟ್ಟಿ ಚಂದಾ ಇಲ್ಲದೆಯೂ ತೆರೆಯುತ್ತದೆ. ಅಲ್ಲಿ ವ್ಯಾಪ್ತಿಯ ವರ್ಷಗಳನ್ನು ನೋಡಿ. ಗುಣಮಟ್ಟದ ದೂರಿನಿಂದ ಸ್ಕೋಪಸ್ ಹೊರಹಾಕಿದ ಜರ್ನಲ್‌ಗಳ ಹಳೆಯ ಪುಟ, ಸ್ಕೋಪಸ್ ಮಾಹಿತಿಯಿಂದ ಜರ್ನಲ್‌ಗಳಿಗೆ ಸ್ಥಾನ ಕೊಡುವ ಸ್ಕಿಮಾಗೋ ತಾಣದಲ್ಲಿ ಹಾಗೆಯೇ ಉಳಿದಿರುತ್ತದೆ. ಪುಟ ಇದೆ ಎಂದ ಮಾತ್ರಕ್ಕೆ ಜರ್ನಲ್ ಈಗಲೂ ಒಳಗಿದೆ ಎಂದುಕೊಂಡು ಲೇಖನ ಕಳಿಸಿದವರು ಪ್ರಕಟವಾದ ಮೇಲೆ ಸ್ಕೋಪಸ್‌ನಲ್ಲಿ ಹುಡುಕಿ ಹತಾಶರಾಗುತ್ತಾರೆ. ವೆಬ್ ಆಫ್ ಸೈನ್ಸ್‌ಗೆ ಅದನ್ನು ನಡೆಸುವ ಕಂಪೆನಿ ಕ್ಲಾರಿವೇಟ್‌ನ ಮಾಸ್ಟರ್ ಜರ್ನಲ್ ಲಿಸ್ಟ್ ನೋಡಬೇಕು. ಯಾರೂ ಉಚಿತವಾಗಿ ಓದಬಹುದಾದ ತೆರೆದ ಪ್ರವೇಶದ ಜರ್ನಲ್ ಆದರೆ, ಅಂಥವನ್ನೇ ಪಟ್ಟಿಮಾಡುವ ಡಿಓಎಜೆ ಇನ್ನೊಂದು ಜರಡಿ. ನರ್ಸಿಂಗ್ ಸಂಪಾದಕರ ಅಂತರರಾಷ್ಟ್ರೀಯ ಬಳಗ ಐಎನ್‌ಎಎನ್‌ಇ ಸಹ ಪರಿಶೀಲಿಸಿದ ನರ್ಸಿಂಗ್ ಜರ್ನಲ್‌ಗಳ ಡೈರೆಕ್ಟರಿ ಇಟ್ಟಿದೆ. ಅದರಲ್ಲಿ ಇಲ್ಲದ್ದೆಲ್ಲ ಕೆಟ್ಟದ್ದಲ್ಲ, ಇರುವುದು ಒಂದು ಒಳ್ಳೆಯ ಸಾಕ್ಷಿ.

ಗೂಗಲ್ ಸ್ಕಾಲರ್, ಇಂಡೆಕ್ಸ್ ಕೊಪರ್ನಿಕಸ್, ರಿಸರ್ಚ್‌ಗೇಟ್ ಇವುಗಳಲ್ಲಿ ಇದ್ದೇವೆ ಎಂಬುದನ್ನು ಗುಣಮಟ್ಟದ ಲೆಕ್ಕಕ್ಕೆ ಹಿಡಿಯಬೇಡಿ.

ಅಂಕಿಗಳ ಒಳಗೆ ಏನಿದೆ

ಇಂಪ್ಯಾಕ್ಟ್ ಫ್ಯಾಕ್ಟರ್ ಎಂಬ ಕಲ್ಪನೆ ಯೂಜೀನ್ ಗಾರ್ಫೀಲ್ಡ್ ಅವರದು. ಉಲ್ಲೇಖ ಸೂಚಿಯ ಪ್ರಸ್ತಾಪವನ್ನು ಅವರು 1955ರಲ್ಲಿ ಮಾಡಿದರು, ಜರ್ನಲ್ ಸೈಟೇಶನ್ ರಿಪೋರ್ಟ್ಸ್ ಬಂದದ್ದು 1970ರ ದಶಕದಲ್ಲಿ. ಈಗ ಕ್ಲಾರಿವೇಟ್ ಪ್ರತಿವರ್ಷ ಜೂನ್ ಹೊತ್ತಿಗೆ ಪ್ರಕಟಿಸುತ್ತದೆ.

ಲೆಕ್ಕ ಇಷ್ಟೆ. ಒಂದು ಜರ್ನಲ್ 2023ರಲ್ಲಿ 60, 2024ರಲ್ಲಿ 64 ಸಂಶೋಧನಾ ಲೇಖನ ಮತ್ತು ವಿಮರ್ಶಾ ಲೇಖನ (ಹಿಂದಿನ ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡುವ ಲೇಖನ) ಪ್ರಕಟಿಸಿತು ಎನ್ನಿ. ಆ ಎರಡು ವರ್ಷದ ಬರಹಗಳಿಗೆ 2025ರಲ್ಲಿ 186 ಉಲ್ಲೇಖ ಬಂದವು. 186ನ್ನು 124ರಿಂದ ಭಾಗಿಸಿದರೆ 1.5. ಇದು 2025ರ ಇಂಪ್ಯಾಕ್ಟ್ ಫ್ಯಾಕ್ಟರ್, ಹೊರಬರುವುದು 2026ರಲ್ಲಿ.

ಈಗ ಇದೇ ಲೆಕ್ಕವನ್ನು ಬಿಡಿಸಿ ನೋಡಿ. 186ರಲ್ಲಿ 80 ಉಲ್ಲೇಖ ಎರಡೇ ವಿಮರ್ಶಾ ಲೇಖನಗಳಿಗೆ ಬಂದಿದ್ದರೆ, ಅವೆರಡನ್ನು ತೆಗೆದಾಗ ಉಳಿಯುವುದು 122 ಲೇಖನಕ್ಕೆ 106, ಅಂದರೆ ಸುಮಾರು 0.87. ಜರ್ನಲ್ ತನ್ನನ್ನು ತಾನೇ ಉಲ್ಲೇಖಿಸಿದ್ದು 40 ಆಗಿದ್ದರೆ, ಅದನ್ನು ಕಳೆದರೆ 1.18. ಇನ್ನೊಂದು ಸೂಕ್ಷ್ಮವಿದೆ. ಸಂಪಾದಕೀಯ, ಪತ್ರ, ಅಭಿಪ್ರಾಯ ಬರಹಗಳಿಗೆ ಬಂದ ಉಲ್ಲೇಖ ಮೇಲಿನ ಮೊತ್ತಕ್ಕೆ ಸೇರುತ್ತದೆ, ಆದರೆ ಆ ಬರಹಗಳು ಕೆಳಗಿನ ಭಾಜಕಕ್ಕೆ ಸೇರುವುದಿಲ್ಲ. ನರ್ಸಿಂಗ್ ಜರ್ನಲ್‌ಗಳಲ್ಲಿ ಇಂಥ ಬರಹ ಬಹಳ. ಹೆಚ್ಚು ಉಲ್ಲೇಖ ಪಡೆದ ಒಂದು ಸಂಪಾದಕೀಯ ಸಾಕು, ಚಿಕ್ಕ ಜರ್ನಲ್‌ನ ಅಂಕಿ ಜಿಗಿಯುತ್ತದೆ.

ಹೀಗಾಗಿಯೇ ಜರ್ನಲ್‌ನ ಅಂಕಿಯನ್ನು ಅದರೊಳಗಿನ ಒಂದು ಲೇಖನದ ಬೆನ್ನಿಗೆ ಅಂಟಿಸಬಾರದು. ಚಾಲಿ ಅಡಿಕೆಯನ್ನು ಅಂಗಡಿಗೆ ಒಯ್ದರೆ ಪಟೋರ, ಉಳ್ಳಿಗಡ್ಡೆ, ಕರಿಗೋಟು ಎಂದು ಬೇರೆಬೇರೆ ಮಾಡಿಯೇ ದರ ಹೇಳುತ್ತಾರೆ. ಇಡೀ ರಾಶಿಯ ಸರಾಸರಿ ದರದಿಂದ ಕೈಯಲ್ಲಿರುವ ಒಂದು ಅಡಿಕೆಯ ಗುಣ ಗೊತ್ತಾಗದು. ಸಂಶೋಧನೆಯ ಮೌಲ್ಯಮಾಪನದಲ್ಲಿ ಇದೇ ಮಾತನ್ನು ಹೇಳುವ ಸ್ಯಾನ್ ಫ್ರಾನ್ಸಿಸ್ಕೋ ಘೋಷಣೆ 2013ರಲ್ಲಿ ಪ್ರಕಟವಾಯಿತು. ಬಡ್ತಿ ಸಮಿತಿಗಳಲ್ಲಿ ಕೂರುವವರು ಇದನ್ನೊಮ್ಮೆ ಓದಬೇಕು.

ನಕಲಿ ಅಂಕಿ ಹಿಡಿಯಲು ಒಂದು ಸುಲಭ ಗುರುತು: ದಶಮಾಂಶ ಎಣಿಸಿ. 2023ರಿಂದ ಕ್ಲಾರಿವೇಟ್ ಇಂಪ್ಯಾಕ್ಟ್ ಫ್ಯಾಕ್ಟರನ್ನು ಒಂದೇ ದಶಮಾಂಶಕ್ಕೆ ಕೊಡುತ್ತಿದೆ. ಯಾವುದಾದರೂ ಜರ್ನಲ್ ಈ ವರ್ಷದ್ದೆಂದು 5.847 ತೋರಿಸಿದರೆ ಅದು ಕ್ಲಾರಿವೇಟ್‌ನದ್ದಲ್ಲ. ಹೆಸರಿನ ಹಿಂದೆ 'ಗ್ಲೋಬಲ್', 'ಯೂನಿವರ್ಸಲ್', 'ಸೈಂಟಿಫಿಕ್' ಮುಂತಾದ ಪದ ಅಂಟಿಸಿದ ಇಂಪ್ಯಾಕ್ಟ್ ಫ್ಯಾಕ್ಟರ್‌ಗಳನ್ನು ಹಾಗೆಯೇ ಬದಿಗಿಡಿ.

ಎರಡು ವರ್ಷದ ಕಿಟಕಿ ನರ್ಸಿಂಗಿಗೆ ಚಿಕ್ಕದಾಯಿತು ಎಂಬ ದೂರು ನ್ಯಾಯವಾದದ್ದೇ. ಒಂದು ಅಧ್ಯಯನ ಓದಿ, ವಾರ್ಡಿನಲ್ಲಿ ಪ್ರಯೋಗಿಸಿ, ಎಥಿಕ್ಸ್ ಕಮಿಟಿಯ ಒಪ್ಪಿಗೆ ಪಡೆದು, ಮಾಹಿತಿ ಸಂಗ್ರಹಿಸಿ, ಬರೆದು ಪ್ರಕಟಿಸುವಷ್ಟರಲ್ಲಿ ಮೂರು ನಾಲ್ಕು ವರ್ಷ ಸಲೀಸಾಗಿ ಕಳೆಯುತ್ತದೆ. ಆದ್ದರಿಂದ ಐದು ವರ್ಷದ ಇಂಪ್ಯಾಕ್ಟ್ ಫ್ಯಾಕ್ಟರ್ ಸಿಕ್ಕಿದರೆ ಅದನ್ನೇ ಬರೆದುಕೊಳ್ಳಿ. ಸಿಗದಿದ್ದರೆ ಎಲ್ಸೆವಿಯರ್‌ನ ಸೈಟ್‌ಸ್ಕೋರ್ ಇದೆ, ಉಚಿತ. ನಾಲ್ಕು ವರ್ಷದಲ್ಲಿ ಪ್ರಕಟವಾದವಕ್ಕೆ ಅದೇ ನಾಲ್ಕು ವರ್ಷದಲ್ಲಿ ಬಂದ ಉಲ್ಲೇಖಗಳನ್ನು ಇದು ಲೆಕ್ಕ ಹಾಕುತ್ತದೆ. ಕಿಟಕಿ ದೊಡ್ಡದಾದ್ದರಿಂದ ಸೈಟ್‌ಸ್ಕೋರ್ ಸಾಮಾನ್ಯವಾಗಿ ಇಂಪ್ಯಾಕ್ಟ್ ಫ್ಯಾಕ್ಟರಿಗಿಂತ ದೊಡ್ಡ ಸಂಖ್ಯೆಯಾಗಿ ಕಾಣುತ್ತದೆ. ಒಂದು ಜರ್ನಲ್‌ನ ಸೈಟ್‌ಸ್ಕೋರನ್ನು ಇನ್ನೊಂದರ ಇಂಪ್ಯಾಕ್ಟ್ ಫ್ಯಾಕ್ಟರ್ ಜೊತೆ ಇಟ್ಟು ಹೋಲಿಸುವುದು ಪಾವಿನಲ್ಲಿ ಅಳೆದದ್ದನ್ನು ಸೇರಿನ ಲೆಕ್ಕಕ್ಕೆ ಬರೆದ ಹಾಗೆ.

ಇನ್ನೂ ಕೆಲವು ಅಳತೆಗಳಿವೆ. ಎಸ್‌ಜೆಆರ್ ಸ್ಕಿಮಾಗೋದಲ್ಲಿ ಉಚಿತ. ಮೂರು ವರ್ಷದ ಕಿಟಕಿ. ಉಲ್ಲೇಖಿಸಿದ ಜರ್ನಲ್‌ನ ತೂಕವನ್ನೂ ಹಿಡಿಯುತ್ತದೆ, ಸ್ವಂತ ಉಲ್ಲೇಖಕ್ಕೆ ಮಿತಿ ಹಾಕುತ್ತದೆ. ಲೈಡನ್ ವಿಶ್ವವಿದ್ಯಾಲಯದಿಂದ ಬಂದ ಸ್ನಿಪ್ ಆಯಾ ಕ್ಷೇತ್ರದ ಉಲ್ಲೇಖ ರೂಢಿಗೆ ತಕ್ಕಂತೆ ಹೊಂದಿಸುತ್ತದೆ. ಕ್ಲಾರಿವೇಟ್‌ನ ಜೆಸಿಐಯಲ್ಲಿ 1 ಎಂದರೆ ಆ ವಿಷಯದ ಸರಾಸರಿ. ಗೂಗಲ್‌ನ ಎಚ್5 (ಐದು ವರ್ಷದ ಲೇಖನಗಳ ಎಚ್ ಸೂಚ್ಯಂಕ, ಅದರ ಲೆಕ್ಕ ಮುಂದೆ ಬರುತ್ತದೆ) ದೊಡ್ಡ ಜರ್ನಲ್‌ಗಳ ಕಡೆ ವಾಲುತ್ತದೆ, ಐದು ವರ್ಷಕ್ಕೆ 100 ಲೇಖನವಿಲ್ಲದವನ್ನು ಪಟ್ಟಿಗೇ ಸೇರಿಸುವುದಿಲ್ಲ.

ಯಾರ ಜೊತೆ ಹೋಲಿಸುವುದು

ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ ಇರುವ ಕಾಸರಗೋಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತೆಂಗಿನ ಇಳುವರಿಯನ್ನು ಕಾಳುಮೆಣಸಿನ ಇಳುವರಿಯ ಪಕ್ಕ ಇಟ್ಟು ಒಂದು ಸೋತಿತು ಎಂದು ಯಾರೂ ಹೇಳುವುದಿಲ್ಲ. ನರ್ಸಿಂಗ್ ಜರ್ನಲ್‌ನ 2ನ್ನು ಕ್ಯಾನ್ಸರ್ ಜರ್ನಲ್‌ನ 20ರ ಜೊತೆ ಹೋಲಿಸುವಂತಿಲ್ಲ. ನರ್ಸಿಂಗಿನ ಒಳಗೇ ಸ್ಥಾನ ನೋಡಬೇಕು.

ಆದರೆ 'ನರ್ಸಿಂಗಿನ ಒಳಗೆ' ಎಂಬುದರಲ್ಲೂ ಗುಂಡಿಯಿದೆ. ಸ್ಕೋಪಸ್‌ನ ವರ್ಗೀಕರಣದಲ್ಲಿ ಪೋಷಣೆ ಮತ್ತು ಪಥ್ಯಶಾಸ್ತ್ರ ನರ್ಸಿಂಗಿನ ಉಪವರ್ಗವಾಗಿ ಕೂತಿದೆ. ಸ್ಕಿಮಾಗೋದಲ್ಲಿ ನರ್ಸಿಂಗ್ ಎಂಬ ಇಡೀ ಕ್ಷೇತ್ರ ಆರಿಸಿದರೆ ಮೇಲಿನ ಸಾಲುಗಳಲ್ಲಿ ಆಹಾರ, ಬೊಜ್ಜು, ಪೋಷಕಾಂಶದ ಜರ್ನಲ್‌ಗಳು ತುಂಬಿ, ನಿಜವಾದ ನರ್ಸಿಂಗ್ ಜರ್ನಲ್ ಕೆಳಗೆ ಸರಿದಂತೆ ಕಾಣುತ್ತದೆ. ಉಪವರ್ಗ ಆರಿಸಿ. ನಮ್ಮ ಉದಾಹರಣೆಗೆ ಸಮುದಾಯ ಮತ್ತು ಮನೆ ಆರೈಕೆ ಸರಿಯಾದೀತು. ಹೆರಿಗೆ ವಿಷಯವಾದರೆ ಮೆಟರ್ನಿಟಿ ಮತ್ತು ಮಿಡ್‌ವೈಫರಿ, ಐಸಿಯು ವಿಷಯವಾದರೆ ಕ್ರಿಟಿಕಲ್ ಕೇರ್ ನರ್ಸಿಂಗ್. ಒಂದೇ ಜರ್ನಲ್ ಒಂದು ಉಪವರ್ಗದಲ್ಲಿ ಕ್ಯೂ1, ಇನ್ನೊಂದರಲ್ಲಿ ಕ್ಯೂ3 ಆಗಿರಬಹುದು. ಜರ್ನಲ್ ಜಾಹೀರಾತು ಮಾಡುವುದು ಒಳ್ಳೆಯದನ್ನೇ.

ಕ್ಯೂ1 ಎಂದರೆ ಮೇಲಿನ ಕಾಲುಭಾಗ. 130 ಜರ್ನಲ್ ಇರುವ ಪಟ್ಟಿಯಲ್ಲಿ 32ನೆಯದು ಕ್ಯೂ1, 33ನೆಯದು ಕ್ಯೂ2. ಇವೆರಡರ ನಡುವೆ ಗುಣದಲ್ಲಿ ಏನು ಅಂತರವಿದ್ದೀತು? ಆದ್ದರಿಂದ ಕ್ಯೂ ಬರೆಯುವ ಜಾಗದಲ್ಲಿ '130ರಲ್ಲಿ 33' ಎಂದೇ ಬರೆದುಕೊಳ್ಳಿ. ಒಂದೇ ವರ್ಷ ನೋಡದೆ ಕನಿಷ್ಠ ಐದು ವರ್ಷದ ಗೆರೆ ನೋಡಿ. ಕೋವಿಡ್ ಕಾಲದ ಬರಹಗಳಿಗೆ ಉಲ್ಲೇಖ ಹರಿದುಬಂದು 2021ರ ಸುತ್ತ ಅನೇಕ ನರ್ಸಿಂಗ್ ಜರ್ನಲ್‌ಗಳ ಅಂಕಿ ಏರಿತು, ಆಮೇಲೆ ಇಳಿಯಿತು. ಆ ಇಳಿತವನ್ನು ಜರ್ನಲ್ ಕೆಟ್ಟಿತೆಂದು ಓದಬೇಡಿ.

ಅಂಕಿಯೇ ಇಲ್ಲದ ಜರ್ನಲ್ ಆದರೆ

ಭಾರತದ ನರ್ಸಿಂಗ್ ಜರ್ನಲ್‌ಗಳಲ್ಲಿ ಹೆಚ್ಚಿನವಕ್ಕೆ ಇಂಪ್ಯಾಕ್ಟ್ ಫ್ಯಾಕ್ಟರ್ ಇಲ್ಲ. ಅಷ್ಟಕ್ಕೇ ಅವನ್ನು ತಳ್ಳಿಹಾಕುವುದು ತಪ್ಪು. ಭಾರತದ ನರ್ಸ್‌ಗಳ ಸಂಘ ಟಿಎನ್‌ಎಐಯ 'ನರ್ಸಿಂಗ್ ಜರ್ನಲ್ ಆಫ್ ಇಂಡಿಯಾ' 1910ರಿಂದ ಬರುತ್ತಿದೆ. ಇಂಥದ್ದನ್ನು ಓದುವವರಲ್ಲಿ ಬಹುಪಾಲು ವಾರ್ಡಿನ ನರ್ಸ್‌ಗಳು. ಓದಿ ಕೆಲಸದಲ್ಲಿ ತಂದವರು ಪೇಪರ್ ಬರೆಯುವುದಿಲ್ಲ, ಬರೆಯದಿದ್ದರೆ ಉಲ್ಲೇಖವೂ ಹುಟ್ಟುವುದಿಲ್ಲ.

ನೀವೇ ಎಣಿಸಬಹುದು. ಮೂರು ವರ್ಷ ಹಿಂದಿನ ಸಂಚಿಕೆಗಳಿಂದ ಸತತ 40 ಸಂಶೋಧನಾ ಲೇಖನ ತೆಗೆದುಕೊಳ್ಳಿ, ಒಳ್ಳೆಯವನ್ನು ಆರಿಸಬೇಡಿ. ಪ್ರತಿಯೊಂದರ ಶೀರ್ಷಿಕೆಯನ್ನು ಉದ್ಧರಣ ಚಿಹ್ನೆಯೊಳಗೆ ಗೂಗಲ್ ಸ್ಕಾಲರಿನಲ್ಲಿ ಹಾಕಿ ಉಲ್ಲೇಖ ಎಣಿಸಿ. ಉಚಿತವಾಗಿ ಸಿಗುವ 'ಪಬ್ಲಿಶ್ ಆರ್ ಪೆರಿಶ್' ತಂತ್ರಾಂಶ ಇದನ್ನು ಬೇಗ ಮಾಡಿಕೊಡುತ್ತದೆ. ಇಳಿಕೆಯ ಕ್ರಮದಲ್ಲಿ ಜೋಡಿಸಿ ಮೂರು ಸಂಖ್ಯೆ ತೆಗೆಯಿರಿ: ನಡುವಿನ ಬೆಲೆ, ಒಂದೂ ಉಲ್ಲೇಖವಿಲ್ಲದವು ಎಷ್ಟು, ಮತ್ತು ಎಚ್ ಸೂಚ್ಯಂಕ. ಸಾಲು 14, 9, 7, 6, 5, 5, 3, 2 ಹೀಗೆ ಇಳಿದರೆ ಎಚ್ 5, ಏಕೆಂದರೆ ಮೊದಲ ಐದು ಲೇಖನಗಳಿಗೆ ಐದು ಅಥವಾ ಹೆಚ್ಚು ಉಲ್ಲೇಖವಿದೆ, ಆರನೆಯದಕ್ಕೆ ಆರು ಇಲ್ಲ. ಸರಾಸರಿ ತೆಗೆಯಬೇಡಿ, ಆ 14 ಒಂದೇ ಎಲ್ಲವನ್ನೂ ಎಳೆಯುತ್ತದೆ.

ಗೂಗಲ್ ಸ್ಕಾಲರ್ ಎಂಬುದು ಪ್ರಬಂಧ, ಸ್ಲೈಡು, ಒಂದೇ ಲೇಖನದ ಎರಡು ನಕಲು ಎಲ್ಲವನ್ನೂ ಎಣಿಸುತ್ತದೆ. ಐದಾರು ಲೇಖನಗಳಿಗಾದರೂ 'ಸೈಟೆಡ್ ಬೈ' ಒತ್ತಿ ಯಾರು ಉಲ್ಲೇಖಿಸಿದ್ದಾರೆ ನೋಡಿ. ಅದೇ ಜರ್ನಲ್, ಅದೇ ಕಾಲೇಜು, ಅದೇ ಲೇಖಕರು ಸುತ್ತಿ ಸುತ್ತಿ ಬಂದರೆ ಆ ಪ್ರಭಾವ ಮನೆಯಂಗಳ ದಾಟಿಲ್ಲ. ಕ್ಲಿನಿಕಲ್ ಮಾರ್ಗಸೂಚಿಯೋ ಕೊಕ್ರೇನ್ ವಿಮರ್ಶೆಯೋ ವಿಶ್ವ ಆರೋಗ್ಯ ಸಂಸ್ಥೆಯ ದಾಖಲೆಯೋ ಉಲ್ಲೇಖಿಸಿದ್ದರೆ ಅದನ್ನು ಪ್ರತ್ಯೇಕ ಬರೆದಿಡಿ, ಅಂಥ ಒಂದು ಉಲ್ಲೇಖದ ಬೆಲೆ ಬೇರೆಯೇ.

ಕೊನೆಗೆ ಓದಲೇಬೇಕು

ಇತ್ತೀಚಿನ ಎರಡು ಸಂಚಿಕೆಗಳಿಂದ ಐದು ಲೇಖನ ಪೂರ್ತಿ ಓದಿ. ಅಧ್ಯಯನದ ವರದಿಯಲ್ಲಿ ಏನೇನಿರಬೇಕು ಎಂದು ಹೇಳುವ ಪಟ್ಟಿಗಳಿವೆ. ಗುಣಾತ್ಮಕ ಸಂದರ್ಶನದ ಅಧ್ಯಯನವಾದರೆ ಕೊರೆಕ್‌ನ 32 ಅಂಶ, ಸರ್ವೆಯಾದರೆ ಸ್ಟ್ರೋಬ್‌ನ 22, ವ್ಯವಸ್ಥಿತ ವಿಮರ್ಶೆಯಾದರೆ ಪ್ರಿಸ್ಮಾದ 27 ಪಕ್ಕದಲ್ಲಿಟ್ಟು ಗುರುತು ಹಾಕುತ್ತಾ ಹೋಗಿ. ಭಾರತದ ಪ್ರಯೋಗಾತ್ಮಕ ಅಧ್ಯಯನಕ್ಕೆ ಸಿಟಿಆರ್‌ಐ (ದೇಶದ ಕ್ಲಿನಿಕಲ್ ಪ್ರಯೋಗಗಳ ದಾಖಲೆ) ನೋಂದಣಿ ಸಂಖ್ಯೆ ಕೊಟ್ಟಿದ್ದಾರೆಯೇ, ಆ ನೋಂದಣಿ ಮೊದಲ ರೋಗಿಯನ್ನು ಸೇರಿಸುವ ಮೊದಲೇ ಆಗಿತ್ತೇ? ಎಥಿಕ್ಸ್ ಕಮಿಟಿಯ ಹೆಸರು ಇದೆಯೇ? ಸ್ಯಾಂಪಲ್ ಗಾತ್ರಕ್ಕೆ ಕಾರಣ ಹೇಳಿದ್ದಾರೆಯೇ? ಲೇಖನ ತಲುಪಿದ ದಿನಾಂಕ ಮತ್ತು ಒಪ್ಪಿದ ದಿನಾಂಕದ ನಡುವೆ ನಾಲ್ಕೈದು ದಿನ ಮಾತ್ರ ಇದ್ದರೆ, ಪರಿಶೀಲಕರು ಅದನ್ನು ಓದಿ, ಲೇಖಕರು ತಿದ್ದಿ ಕಳಿಸಿರಲು ಸಾಧ್ಯವಿಲ್ಲ.

ಸಪ್ತಭಾಷೆಯ ಈ ನೆಲದ ಸಂಶೋಧಕರಿಗೆ ಇನ್ನೊಂದು ಒರೆಗಲ್ಲಿದೆ, ನಮ್ಮ ಮಟ್ಟಿಗೆ ಇದು ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ಇಲ್ಲಿ ಒಂದು ಪ್ರಶ್ನಾವಳಿ ಕನ್ನಡದಲ್ಲೂ ಮಲಯಾಳದಲ್ಲೂ ಬೇಕು, ಉತ್ತರ ತುಳುವಿನಲ್ಲಿ ಬಂದೀತು. ಇಂಗ್ಲಿಷಿನಿಂದ ಅನುವಾದಿಸಿದ್ದು ಯಾರು, ಮತ್ತೊಬ್ಬರು ಅದನ್ನು ಇಂಗ್ಲಿಷಿಗೆ ಹಿಂದಿರುಗಿಸಿ ತಾಳೆ ನೋಡಿದರೇ, ಹೊಸ ಭಾಷೆಯಲ್ಲಿ ವಿಶ್ವಾಸಾರ್ಹತೆಯನ್ನು ಮತ್ತೆ ಲೆಕ್ಕ ಹಾಕಿದರೇ ಎಂಬುದನ್ನು ಆ ಜರ್ನಲ್‌ನ ಲೇಖನಗಳು ಹೇಳುತ್ತವೆಯೇ ನೋಡಿ. ಹೊರದೇಶದ ಅಳತೆಗೋಲನ್ನು ಹಾಗೆಯೇ ತಂದು 'ಸ್ಥಳೀಯ ಭಾಷೆಗೆ ಅನುವಾದಿಸಲಾಯಿತು' ಎಂಬ ಒಂದೇ ಸಾಲಿನಲ್ಲಿ ದಾಟಿಸಿದ್ದನ್ನು ಮತ್ತೆ ಮತ್ತೆ ಬಿಟ್ಟಿರುವ ಜರ್ನಲ್‌ನ ಪರಿಶೀಲನೆ ಸಡಿಲ, ಅಂಕಿ ಎಷ್ಟೇ ಇರಲಿ.

ನೋಡಿದ್ದೆಲ್ಲವನ್ನೂ ಒಂದು ಹಾಳೆಯಲ್ಲಿ ಬರೆಯಿರಿ: ಐಎಸ್‌ಎಸ್‌ಎನ್, ಯಾವ ಸೂಚಿಯಲ್ಲಿ ಯಾವ ವರ್ಷದಿಂದ, ಉಪವರ್ಗದಲ್ಲಿ ಸ್ಥಾನ, ಐದು ವರ್ಷದ ಅಂಕಿ, ಓದಿದ ಐದು ಲೇಖನದ ಟಿಪ್ಪಣಿ, ಪ್ರಕಟಣಾ ಶುಲ್ಕ. ನೋಡಿದ ದಿನಾಂಕ ಹಾಕಿ, ಸ್ಕೋಪಸ್ ಮತ್ತು ಮಾಸ್ಟರ್ ಲಿಸ್ಟ್ ಪುಟಗಳ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಲೇಖನ ಕಳಿಸಿದ ಆರು ತಿಂಗಳಲ್ಲಿ ಜರ್ನಲ್ ಸೂಚಿಯಿಂದ ಹೊರಬಿದ್ದರೆ ಸಂದರ್ಶನ ಸಮಿತಿಯ ಮುಂದೆ ತೋರಿಸಲು ಅದೇ ಆಧಾರ.

ಈಗಾಗಲೇ ತಪ್ಪು ಕಡೆ ಕಳಿಸಿಬಿಟ್ಟಿದ್ದರೆ, ಹಕ್ಕು ವರ್ಗಾವಣೆಯ ಕಾಗದಕ್ಕೆ ಸಹಿ ಹಾಕಬೇಡಿ, ಹಣ ಕಟ್ಟಬೇಡಿ. ಲೇಖನ ಹಿಂತೆಗೆಯುತ್ತೇನೆಂದು ಎಲ್ಲ ಸಹಲೇಖಕರಿಗೂ ಪ್ರತಿ ಹಾಕಿ ಇಮೇಲ್ ಮಾಡಿ, ಲಿಖಿತ ಒಪ್ಪಿಗೆ ಬರುವವರೆಗೆ ಬೇರೆಡೆ ಕಳಿಸಬೇಡಿ. ಹಿಂತೆಗೆಯಲು ದುಡ್ಡು ಕೇಳಿದರೆ ಅಥವಾ ಉತ್ತರವೇ ಬಾರದಿದ್ದರೆ, ಪತ್ರವ್ಯವಹಾರದ ಪ್ರತಿಯನ್ನೆಲ್ಲ ಜೋಡಿಸಿ ಮುಂದಿನ ಜರ್ನಲ್‌ನ ಸಂಪಾದಕರಿಗೆ ಮೊದಲೇ ವಿಷಯ ತಿಳಿಸಿ, ಅವರು ಹೇಳಿದಂತೆ ಮಾಡಿ. ಪ್ರಕಟವಾಗಿಯೇ ಹೋಗಿದ್ದರೆ ಅದೇ ಲೇಖನವನ್ನು ಹೊಸದೆಂದು ಇನ್ನೊಂದೆಡೆ ಕಳಿಸುವಂತಿಲ್ಲ, ಅದು ದ್ವಿಪ್ರಕಟಣೆಯಾಗುತ್ತದೆ. ಅದೇ ಮಾಹಿತಿಯಲ್ಲಿ ಇನ್ನೂ ಬರೆಯದ ಭಾಗ ಉಳಿದಿದ್ದರೆ, ಮೊದಲಿನದನ್ನು ಸ್ಪಷ್ಟವಾಗಿ ಉಲ್ಲೇಖಿಸಿ ಅದನ್ನು ಬೇರೆ ಲೇಖನವಾಗಿ ಬರೆಯಬಹುದು.